ಈ ಪಾಳಿಯಲ್ಲಿ ನರ್ಸ್ ಎಷ್ಟು ಮಂದಿ? ವಾರ್ಡಿನ ಬಾಗಿಲಿಗೆ ಬೋರ್ಡ್ ಹಾಕಿ!

ನಾಡಿನ ಸಮಸ್ತ ಜನತೆಗೆ ನರ್ಸ್‌ಗಳ ಮನವಿ
ಮೇ 12, ವಿಶ್ವ ದಾದಿಯರ ದಿನದಂದು ನಿಮ್ಮ ಊರಿನ ಆಸ್ಪತ್ರೆಯ ಗೇಟಿಗೆ ಬನ್ನಿ



ಮನೆಯವರನ್ನು ಆಸ್ಪತ್ರೆಗೆ ಸೇರಿಸುವಾಗ ನೀವು ಏನೇನು ಕೇಳುತ್ತೀರಿ? ಡಾಕ್ಟರ್ ಯಾರು, ಬೆಡ್ ಖಾಲಿ ಇದೆಯೇ, ಖರ್ಚು ಎಷ್ಟಾಗುತ್ತದೆ, ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಅವುಗಳ ಜೊತೆಗೆ ಇನ್ನೊಂದನ್ನು ಸೇರಿಸಿಕೊಳ್ಳಿ ಎಂದು ಬೇಡಿಕೊಳ್ಳಲು ಈ ಕರಪತ್ರ ಹಂಚುತ್ತಿದ್ದೇವೆ. ಇವತ್ತು ರಾತ್ರಿ ಈ ವಾರ್ಡಿನಲ್ಲಿ ರೋಗಿಗಳೆಷ್ಟು, ನರ್ಸ್‌ಗಳೆಷ್ಟು?

ಡಾಕ್ಟರ್ ರೌಂಡ್ಸ್‌ಗೆ ಬಂದು, ನೋಡಿ, ಬರೆದು ಹೋಗುತ್ತಾರೆ. ಬರೆದದ್ದನ್ನು ರೋಗಿಯ ಮೈಗೆ ಮುಟ್ಟಿಸುವವರು ನಾವು. ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಡುವುದು, ಡ್ರಿಪ್ ನೋಡಿಕೊಳ್ಳುವುದು, ಮಗ್ಗುಲು ಬದಲಿಸುವುದು, ಮೂತ್ರದ ಅಳತೆ ಬರೆಯುವುದು ಎಲ್ಲವೂ ನಮ್ಮ ಕೆಲಸ. ರಾತ್ರಿ ಮೂರು ಗಂಟೆಗೆ ರೋಗಿಯ ಉಸಿರಿನ ಸದ್ದು ಬೇರೆಯಾದದ್ದನ್ನು ಮೊದಲು ಗಮನಿಸಿ ಡ್ಯೂಟಿ ಡಾಕ್ಟರನ್ನು ಎಬ್ಬಿಸುವುದೂ ನಾವೇ. ಆ ಹೊತ್ತಿಗೆ ವಾರ್ಡಿನಲ್ಲಿ ನಾವು ಸಾಕಷ್ಟು ಮಂದಿ ಇದ್ದರೆ ಜೀವ ಉಳಿಯುತ್ತದೆ. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ, ಕೇಳಿ.

ಹೆರಿಗೆ ವಾರ್ಡಿನ ಎರಡು ಗಂಟೆ

ಹೆರಿಗೆಯಾಯಿತು, ಮಗು ಅತ್ತಿತು, ಮಾಸು ಬಿತ್ತು. ಹೊರಗೆ ನಿಂತವರಿಗೆ ಎಲ್ಲ ಸುಸೂತ್ರವಾಯಿತೆಂಬ ಸಮಾಧಾನ. ಬಾಣಂತಿಗೆ ಅತಿ ಅಪಾಯದ ಹೊತ್ತು ಶುರುವಾಗುವುದೇ ಆಗ. ಮೊದಲ ಎರಡು ಗಂಟೆ, 15 ನಿಮಿಷಕ್ಕೊಮ್ಮೆ, ನರ್ಸ್ ಆಕೆಯ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಬಿಗಿಯಾಗಿದೆಯೇ, ಸಡಿಲಗೊಂಡಿದೆಯೇ ನೋಡಬೇಕು. ನಾಡಿ ಹಿಡಿಯಬೇಕು, ಬಿಪಿ ನೋಡಬೇಕು, ಪ್ಯಾಡ್ ಎಷ್ಟು ನೆನೆದಿದೆ ನೋಡಬೇಕು. ಗರ್ಭಕೋಶ ಸಡಿಲವಾಗಿದ್ದರೆ ತಕ್ಷಣ ಉಜ್ಜಿ ಬಿಗಿಗೊಳಿಸಬೇಕು, ಡಾಕ್ಟರನ್ನು ಕೂಗಬೇಕು, ಔಷಧಿ ಏರಿಸಬೇಕು. ತಡವಾದರೆ ಮೈಯಲ್ಲಿನ ರಕ್ತ ಹರಿದುಹೋಗುತ್ತದೆ. ಹೆರಿಗೆಯ ನಂತರದ ರಕ್ತಸ್ರಾವ ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ಮುಖ್ಯ ಕಾರಣಗಳಲ್ಲೊಂದು.

ಒಬ್ಬ ಬಾಣಂತಿಗೆ ಎರಡು ಗಂಟೆಯಲ್ಲಿ 8 ಸಲ, ಮೂವರಿಗೆ 24 ಸಲ. ಆ ನಡುವೆ ನಾಲ್ಕನೆಯವಳಿಗೆ ನೋವು ಹೆಚ್ಚಾಗಿ ಟೇಬಲ್ ಮೇಲೆ ಮಲಗಿಸಿದ್ದಾರೆ. ಐದನೆಯವಳನ್ನು ಹಳ್ಳಿಯಿಂದ 108ರಲ್ಲಿ ಕರೆತಂದಿದ್ದಾರೆ. ಹುಟ್ಟಿದ ಮಗು ಸರಿಯಾಗಿ ಅಳುತ್ತಿಲ್ಲ. ಪಾಳಿಯಲ್ಲಿ ಇರುವವಳು ಒಬ್ಬಳೇ. ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ರಾತ್ರಿ ಕಳೆದ ಯಾವ ನರ್ಸನ್ನಾದರೂ ಕೇಳಿ, ಇಂಥ ರಾತ್ರಿಗಳನ್ನು ಅವರು ಮರೆತಿರುವುದಿಲ್ಲ. ಬೆಳಿಗ್ಗೆ ಕೇಸ್ ಶೀಟಿನಲ್ಲಿ ಎಂಟೂ ಸಲದ ಬಿಪಿ ಬರೆದಿರಲೇಬೇಕು. ಖಾಲಿ ಬಿಟ್ಟರೆ ಮೆಮೊ ಬರುತ್ತದೆ, ನೋಡದೆ ಬರೆದರೆ ಮನಸ್ಸಾಕ್ಷಿ ಕಾಡುತ್ತದೆ. ಈ ಇಕ್ಕಟ್ಟಿಗೆ ನಮ್ಮನ್ನು ದೂಡಿದ್ದು ಸಿಬ್ಬಂದಿ ಕೊರತೆ.

ಹೀಗೆಂದು ನಾವು ಸುಮ್ಮನೆ ಹೇಳುತ್ತಿಲ್ಲ. ಕೇಂದ್ರ ಹಣಕಾಸು ಸಚಿವಾಲಯದ ಸಿಬ್ಬಂದಿ ಪರಿಶೀಲನಾ ಘಟಕ ಹಾಕಿಕೊಟ್ಟ ಲೆಕ್ಕವೇ ಇದೆ: ಸಾಮಾನ್ಯ ವಾರ್ಡಿನಲ್ಲಿ 6 ರೋಗಿಗಳಿಗೆ ಒಬ್ಬರು ನರ್ಸ್, ಹೆರಿಗೆ ಕೋಣೆಯಲ್ಲಿ ಟೇಬಲ್‌ಗೊಬ್ಬರು, ಐಸಿಯುನಲ್ಲಿ ರೋಗಿಗೊಬ್ಬರು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ 4 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ ನಡೆಸಿದ ಅಧ್ಯಯನವೊಂದನ್ನು 2014ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಸೇರಿದ 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಹೆಚ್ಚುತ್ತದೆ ಎಂದು ಅದರಲ್ಲಿ ಕಂಡುಬಂತು. ಒಬ್ಬ ರೋಗಿ ಹೆಚ್ಚಾದರೇ ಇಷ್ಟು. ನಮ್ಮಲ್ಲಿ ಹೆಚ್ಚಾಗುವುದು ಎಷ್ಟು ಮಂದಿ ಎಂದು ಯಾವುದಾದರೂ ವಾರ್ಡಿನ ಬಾಗಿಲಲ್ಲಿ ನಿಂತು ನೀವೇ ಎಣಿಸಿ ನೋಡಿ.

ಹೊಳೆಯುವ ಲಾಬಿ, ತೆಳ್ಳನೆಯ ಪೇ ಸ್ಲಿಪ್

ಇನ್ನು ಖಾಸಗಿ ಆಸ್ಪತ್ರೆಗೆ ಬನ್ನಿ. ನೆಲ ಹೊಳೆಯುತ್ತದೆ, ಲಿಫ್ಟಿನಲ್ಲಿ ಸಂಗೀತ ಕೇಳುತ್ತದೆ. ಐಸಿಯುನ ಒಂದು ದಿನದ ಬಿಲ್ಲು ನೋಡಿ ನಿಮ್ಮ ಎದೆ ಧಸಕ್ಕೆನ್ನುತ್ತದೆ. ಆ ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜ್ ಎಂಬ ಸಾಲೂ ಇರುತ್ತದೆ. ಅದರಲ್ಲಿ ನರ್ಸ್ ಕೈಗೆ ಬರುವುದೆಷ್ಟು ಎಂದು ಕೇಳಿದ್ದೀರಾ? ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿ, ಸಾಲ ತೀರಿಸಲೆಂದು ಬೆಂಗಳೂರಿಗೆ ಬಂದ ಹುಡುಗಿ, ಪಿ.ಜಿ. ಬಾಡಿಗೆ, ಊಟ, ಬಸ್ ಪಾಸ್ ಕಳೆದು ಊರಿಗೆ ಕಳುಹಿಸಲು ಏನುಳಿಯುತ್ತದೆಂದು ತಿಂಗಳ ಕೊನೆಗೆ ಲೆಕ್ಕ ಹಾಕುತ್ತಾ ಕೂರುತ್ತಾಳೆ. ಪಾಳಿ ಮುಗಿಯಿತೆಂದು ಬ್ಯಾಗ್ ಎತ್ತಿಕೊಳ್ಳುವಷ್ಟರಲ್ಲಿ, ನೈಟ್‌ಗೆ ಬರಬೇಕಾದವರು ಬಂದಿಲ್ಲ, ನೀವೇ ಮುಂದುವರಿಸಿ ಎಂಬ ಆದೇಶ ಬರುತ್ತದೆ. ಹೆಚ್ಚುವರಿ ಗಂಟೆಗಳಿಗೆ ಹಣ ಕೇಳಿದರೆ ಮುಖ ಸಿಂಡರಿಸುತ್ತಾರೆ. ಕೆಲಸ ಬಿಡುತ್ತೇನೆಂದರೆ ಬಾಂಡ್ ತೋರಿಸುತ್ತಾರೆ. ಮೂಲ ಅಂಕಪಟ್ಟಿಗಳು ಅವರ ಬೀರುವಿನಲ್ಲಿ ಬಿದ್ದಿರುತ್ತವೆ.

ಈ ಅನ್ಯಾಯಕ್ಕೆ ಪರಿಹಾರ ಏನೆಂದು ದೇಶದ ಅತ್ಯುನ್ನತ ನ್ಯಾಯಾಲಯ ಕೇಳಿ ಎಷ್ಟೋ ವರ್ಷವಾಯಿತು. ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘ ಹೂಡಿದ್ದ ಪ್ರಕರಣದಲ್ಲಿ 2016ರ ಜನವರಿ 29ರಂದು ಸುಪ್ರೀಂ ಕೋರ್ಟ್ ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಿತು. ಆ ಸಮಿತಿಯ ಶಿಫಾರಸು ಇಷ್ಟು, ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ:

200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ: ಅದೇ ದರ್ಜೆಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ.
100ಕ್ಕಿಂತ ಹೆಚ್ಚು ಹಾಸಿಗೆ: ಸರ್ಕಾರಿ ಸಂಬಳಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆ ಇರಕೂಡದು.
50ರಿಂದ 100 ಹಾಸಿಗೆ: ಶೇ 25ಕ್ಕೂ ಹೆಚ್ಚು ಕಡಿಮೆ ಇರಕೂಡದು.
50ಕ್ಕಿಂತ ಕಡಿಮೆ ಹಾಸಿಗೆ: ಯಾವ ಕಾರಣಕ್ಕೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದು.

ರಜೆ, ಕೆಲಸದ ಅವಧಿ, ವೈದ್ಯಕೀಯ ಸೌಲಭ್ಯ, ಸಾರಿಗೆ, ವಸತಿ ಇವೆಲ್ಲ ಸರ್ಕಾರಿ ನರ್ಸ್‌ಗಳಿಗೆ ಇರುವಂತೆಯೇ ಇರಬೇಕೆಂದೂ ಸಮಿತಿ ಹೇಳಿತು. ಪಕ್ಕದ ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದರು. ಅಲ್ಲಿನ ಸರ್ಕಾರ 2018ರಲ್ಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ಕನಿಷ್ಠ ಸಂಬಳವನ್ನು 20,000 ರೂಪಾಯಿಗೆ ಏರಿಸಿ ಆದೇಶ ಹೊರಡಿಸಿತು. ನಮ್ಮ ಪೇ ಸ್ಲಿಪ್‌ಗಳಲ್ಲಿ ಆ ಶಿಫಾರಸಿನ ನೆರಳೂ ಬಿದ್ದಿಲ್ಲ. ಕೇರಳದಲ್ಲಿ ಆದದ್ದು ಕರ್ನಾಟಕದಲ್ಲೇಕೆ ಆಗಬಾರದು?

ಹೆಗಲಿಗೆ ಲಸಿಕೆ ಪೆಟ್ಟಿಗೆ, ಕೈಗೆ ಟ್ಯಾಬ್

ಗುರುವಾರ ನಿಮ್ಮೂರ ಅಂಗನವಾಡಿಗೆ ಲಸಿಕೆ ಹಾಕಲು ಬರುತ್ತಾರಲ್ಲ, ಆ ಆರೋಗ್ಯ ಸಹಾಯಕಿಯ ದಿನವನ್ನೂ ಒಮ್ಮೆ ನೋಡಿ. ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಐಸ್‌ಪ್ಯಾಕ್ ಇಟ್ಟು ಲಸಿಕೆ ಪೆಟ್ಟಿಗೆ ತುಂಬಿಸಿಕೊಂಡು, ಸಿಕ್ಕ ಬಸ್ಸೋ ಸ್ಕೂಟರೋ ಹತ್ತಿ ಹೊರಡಬೇಕು. ಬಿಸಿಜಿ ಮತ್ತು ದಡಾರ-ರುಬೆಲ್ಲಾ ಲಸಿಕೆಯ ಸೀಸೆಗೆ ದ್ರಾವಣ ಬೆರೆಸಿದ ಹೊತ್ತನ್ನು ಅದರ ಮೇಲೆ ಬರೆದು, 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಯಾರಿಗೂ ಹಾಕುವಂತಿಲ್ಲ. ಜ್ವರ ಬರುತ್ತದೆಂದು ಮಗುವನ್ನು ಒಳಗೆ ಬಚ್ಚಿಟ್ಟ ಅಜ್ಜಿಯ ಮನವೊಲಿಸಬೇಕು. ಸಂಜೆ ಮನೆಗೆ ಬಂದು, ಮಕ್ಕಳಿಗೆ ಊಟ ಬಡಿಸಿ, ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ಹೋಗಿ ಎಲ್ಲ ಹೆಸರುಗಳನ್ನೂ ಆನ್‌ಲೈನ್‌ಗೆ ಏರಿಸಬೇಕು. ತಾಯಿ ಕಾರ್ಡು, ರಿಜಿಸ್ಟರು, ಪೋರ್ಟಲ್ಲು ಮೂರರಲ್ಲೂ ಅದೇ ಹೆಸರು, ಮೂರು ಸಲ.

ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ 5,000 ಜನರಿಗೆ, ಮಲೆನಾಡಿನಂಥ ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಇರಬೇಕು. ಪಕ್ಕದ ಉಪಕೇಂದ್ರದ ಹುದ್ದೆ ಖಾಲಿ ಬಿದ್ದರೆ ಆ ಊರುಗಳೂ ಇವಳ ಹೆಗಲಿಗೇ ಬರುತ್ತವೆ. ಇನ್‌ಚಾರ್ಜ್ ಎಂಬ ಹೆಸರಿನಲ್ಲಿ ದುಡಿಮೆ ಎರಡರಷ್ಟಾಗುತ್ತದೆ, ಸಂಬಳ ಇದ್ದಷ್ಟೇ ಇರುತ್ತದೆ. ಆಗುಂಬೆಯ ಮಳೆಯಲ್ಲಿ, ರಾಯಚೂರಿನ ಬಿಸಿಲಲ್ಲಿ ಒಂಟಿ ಹೆಣ್ಣುಮಗಳು ಹತ್ತಾರು ಕಿಲೋಮೀಟರ್ ಓಡಾಡುವಾಗ ಆಕೆಗೊಂದು ಶೌಚಾಲಯ ಸಿಗುತ್ತದೆಯೇ ಎಂದು ಯಾವ ವರದಿಯಲ್ಲೂ ಯಾರೂ ಬರೆಯುವುದಿಲ್ಲ.

ಅದೇ ಉಪಕೇಂದ್ರದಲ್ಲಿ ಕೂರುವ ಸಮುದಾಯ ಆರೋಗ್ಯ ಅಧಿಕಾರಿಯೂ ಬಿಎಸ್ಸಿ ನರ್ಸಿಂಗ್ ಓದಿದವರೇ. ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ತಪಾಸಣೆಯಿಂದ ಹಿಡಿದು ಹಾಸಿಗೆ ಹಿಡಿದವರ ಆರೈಕೆಯವರೆಗೆ ಎಲ್ಲವೂ ಅವರ ಮೇಲಿದೆ. ಹೆಸರಿಗೆ ಅಧಿಕಾರಿ, ನೌಕರಿ ಗುತ್ತಿಗೆಯದು. ವರ್ಷ ವರ್ಷವೂ ನವೀಕರಣದ ಆದೇಶಕ್ಕೆ ಕಾಯಬೇಕು. ಕೊರೋನಾ ಕಾಲದಲ್ಲಿ ಪಿಪಿಇ ಕಿಟ್ ತೊಟ್ಟು, ಗಂಟೆಗಟ್ಟಲೆ ನೀರು ಕುಡಿಯದೆ, ಮನೆಯ ಮಕ್ಕಳನ್ನು ಮುಟ್ಟದೆ ದುಡಿದವರಲ್ಲಿ ಗುತ್ತಿಗೆ ನರ್ಸ್‌ಗಳು ಬಹಳ ಮಂದಿ. ಆಗ ಚಪ್ಪಾಳೆ ತಟ್ಟಿದಿರಿ, ಹೂಮಳೆ ಸುರಿಸಿದಿರಿ. ಅಲೆ ಇಳಿಯುತ್ತಿದ್ದಂತೆ ಎಷ್ಟೋ ಮಂದಿಯ ಕೈಗೆ ಬಂದದ್ದು ಸೇವೆ ಮುಕ್ತಾಯದ ಪತ್ರ.

ಮನೆಯೊಳಗೆ, ಮನೋರೋಗಿಗಳ ನಡುವೆ, ತರಗತಿಯಲ್ಲಿ

ನಮ್ಮ ಬಳಗ ಆಸ್ಪತ್ರೆಯ ಗೋಡೆಯೊಳಗಷ್ಟೇ ಇಲ್ಲ. ಲಕ್ವ ಹೊಡೆದ ಹಿರಿಯರನ್ನು ನೋಡಿಕೊಳ್ಳಲು ಏಜೆನ್ಸಿಯವರು ಹೋಂ ನರ್ಸ್ ಎಂದು ಕಳುಹಿಸುತ್ತಾರೆ. ಅವರಲ್ಲಿ ತರಬೇತಿ ಪಡೆದವರೂ ಇದ್ದಾರೆ, ಏನೂ ಕಲಿಸದೆ ಕಳುಹಿಸಿಬಿಟ್ಟವರೂ ಇದ್ದಾರೆ. ಹಗಲೂ ಇರುಳೂ ಅದೇ ಮನೆಯಲ್ಲಿರಬೇಕು, ಮಲಗಲು ಮೂಲೆಯೊಂದೇ ಗತಿ, ವಾರದ ರಜೆ ಇಲ್ಲ, ಏಜೆನ್ಸಿಯ ಕಮಿಷನ್ ಕಳೆದು ಉಳಿದದ್ದೇ ಸಂಬಳ. ಮನೆಯಲ್ಲಿ ಕಿರುಕುಳವಾದರೆ ಹೇಳಿಕೊಳ್ಳಲು ಪಕ್ಕದಲ್ಲಿ ಮತ್ತೊಬ್ಬ ಸಿಸ್ಟರ್ ಇರುವುದಿಲ್ಲ.

ಮನೋರೋಗ ವಾರ್ಡಿನ ನರ್ಸ್ ಪೆಟ್ಟು ತಿಂದೂ ರೋಗಿಯ ಮೇಲೆ ಸಿಟ್ಟಾಗುವಂತಿಲ್ಲ. ಅವರ ಕೌಶಲ ಬೇರೆ, ತರಬೇತಿಯೂ ಬೇರೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಸಂಸ್ಥೆಗಳಿರುವ ರಾಜ್ಯ ನಮ್ಮದು. ಹಾಗಿದ್ದೂ ಜಿಲ್ಲೆಗಳಲ್ಲಿ ಆ ತರಬೇತಿ ಇಲ್ಲದವರನ್ನೇ ಒಂದು ದಿನ ಮನೋರೋಗ ವಾರ್ಡಿಗೆ, ಮರುದಿನ ಡಯಾಲಿಸಿಸ್‌ಗೆ ತಳ್ಳುವುದುಂಟು. ಗಂಡು ನರ್ಸ್‌ಗಳ ಪಾಡೂ ಸುಲಭದ್ದಲ್ಲ. ಭಾರ ಎತ್ತುವ ಕೆಲಸ, ಕುಡಿದು ಬಂದವರನ್ನು ಹಿಡಿಯುವ ಕೆಲಸ ಬಂದಾಗ ಮೊದಲು ಕರೆಯುವುದು ಬ್ರದರನ್ನೇ. ಹೆಣ್ಣು ನೋಡಲು ಹೋದರೆ ಗಂಡಸಾಗಿ ಇದೆಂಥ ಕೆಲಸ ಎಂಬ ಮಾತು.

ನರ್ಸಿಂಗ್ ವಿದ್ಯಾರ್ಥಿಗಳ ಮಾತೂ ಇದೆ. ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದ, ಕೇರಳದಿಂದ, ನಮ್ಮದೇ ಕಲಬುರಗಿ, ಕೊಪ್ಪಳದ ಹಳ್ಳಿಗಳಿಂದ ಬಂದು ಇಲ್ಲಿನ ಕಾಲೇಜು ಸೇರುತ್ತಾರೆ. ಅವರು ವಾರ್ಡಿಗೆ ಬರಬೇಕಾದದ್ದು ಕಲಿಯಲು. ಎಷ್ಟೋ ಕಡೆ ಅವರನ್ನು ಖಾಲಿ ಹುದ್ದೆಗೆ ಪುಕ್ಕಟೆ ಆಳಾಗಿ ನಿಲ್ಲಿಸುತ್ತಾರೆ. ಇನ್ನೆಷ್ಟೋ ಕಡೆ ರೋಗಿಯ ಮುಖ ನೋಡದೆ, ಬೊಂಬೆಯ ಮೇಲೆ ಕಲಿತು ಪಾಸಾಗುವ ಸ್ಥಿತಿ ಇದೆ. ಎರಡರಿಂದಲೂ ನಾಳೆ ತೊಂದರೆಗೆ ಸಿಲುಕುವುದು ನಿಮ್ಮ ಮನೆಯ ರೋಗಿಯೇ.

ಹೊಡೆತ, ಸೂಜಿ, ಕತ್ತಲ ಮೂಲೆ

ಉತ್ತರ ಕನ್ನಡ ಜಿಲ್ಲೆಯ ಹಳದಿಪುರದ ಮಗಳು ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು, ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿನ ಸಫಾಯಿ ಕೆಲಸಗಾರನೊಬ್ಬ ನಾಯಿ ಕಟ್ಟುವ ಸರಪಳಿಯನ್ನು ಕುತ್ತಿಗೆಗೆ ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ರಕ್ತ ನಿಂತುಹೋಗಿ ಅವರು ಮತ್ತೆ ಏಳಲಿಲ್ಲ. ಅವನಿಗೆ ಶಿಕ್ಷೆಯಾದದ್ದು ದರೋಡೆ ಮತ್ತು ಕೊಲೆಯತ್ನಕ್ಕೆ ಮಾತ್ರ. 2015ರ ಮೇ 18ರಂದು ಕಣ್ಣು ಮುಚ್ಚುವವರೆಗೆ 41 ವರ್ಷಕ್ಕೂ ಹೆಚ್ಚು ಕಾಲ ಅರುಣಾ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಒಂದು ತಲೆಮಾರಿನ ನರ್ಸ್‌ಗಳು ನಿವೃತ್ತರಾಗಿ ಹೋದರು, ಮುಂದಿನ ತಲೆಮಾರು ಬಂದು ಅವರಿಗೆ ಉಣಿಸಿತು, ಮೈ ಒರೆಸಿತು, ಮಗ್ಗುಲು ಬದಲಿಸಿತು. ಸುಪ್ರೀಂ ಕೋರ್ಟ್ 2011ರ ತೀರ್ಪಿನಲ್ಲಿ ಆ ಆರೈಕೆಯನ್ನು ಮನಸಾರೆ ಮೆಚ್ಚಿಕೊಂಡಿತು.

ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ. 1973ರಲ್ಲಿ ಆಕೆಗೆ ಬೇಕಿದ್ದದ್ದು ಅದು. ಇವತ್ತಿಗೂ ಎಷ್ಟೋ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಸ್ಟೋರ್ ರೂಮಿನ ಬೀರುವಿನ ಮರೆಯಲ್ಲಿ ಬಟ್ಟೆ ಬದಲಿಸುತ್ತಾರೆ. ಕತ್ತಲೆಯ ಕಾರಿಡಾರಿನಲ್ಲಿ ಒಬ್ಬರೇ ರಕ್ತದ ಬಾಟಲಿ ತರಲು ಹೋಗುತ್ತಾರೆ.

ರೋಗಿ ತೀರಿಕೊಂಡರೆ ಮೊದಲ ಏಟು ಬೀಳುವುದೂ ಹಾಸಿಗೆಯ ಪಕ್ಕ ನಿಂತವರ ಮೇಲೆಯೇ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆಯೇ ಅನುಮಾನ ಬಂತು. ದ್ರಾವಣ ತಯಾರಿಸಿದವರು, ಖರೀದಿಸಿದವರು, ಪರೀಕ್ಷಿಸಬೇಕಿದ್ದವರು ಎಲ್ಲರೂ ದೂರದಲ್ಲಿರುತ್ತಾರೆ. ಬಾಟಲಿ ತೂಗುಹಾಕಿದ ಕೈ ನರ್ಸ್‌ನದು, ಸಂಬಂಧಿಕರಿಗೆ ಕಾಣುವ ಮುಖವೂ ಆಕೆಯದೇ. ನಿಮ್ಮ ದುಃಖ ನಮಗೆ ಅರ್ಥವಾಗುತ್ತದೆ. ಕೈ ಎತ್ತುವ ಮುನ್ನ ಒಂದು ಕ್ಷಣ ಯೋಚಿಸಿ ಎಂದು ಕೈಮುಗಿದು ಕೇಳುತ್ತೇವೆ. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡುವುದು ಕರ್ನಾಟಕದ 2009ರ ಕಾಯ್ದೆಯಡಿ ಜಾಮೀನು ರಹಿತ ಅಪರಾಧ. ಜೈಲು, ದಂಡ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. ನರ್ಸ್‌ಗಳೂ ಅದರ ರಕ್ಷಣೆಯಡಿ ಬರುತ್ತಾರೆ.

ಕಣ್ಣಿಗೆ ಕಾಣದ ಏಟುಗಳೂ ಇವೆ. ಬಳಸಿದ ಸೂಜಿ ಚುಚ್ಚಿಕೊಂಡು, ಹೇಳಿದರೆ ಬೈಯುತ್ತಾರೆಂದು ಸುಮ್ಮನಾಗುವವರು ಎಷ್ಟೋ ಮಂದಿ. ಸಿಸ್ಟರ್‌ಗಳೇ, ಬ್ರದರ್‌ಗಳೇ, ದಯವಿಟ್ಟು ಮುಚ್ಚಿಡಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ತಕ್ಷಣ ದಾಖಲಿಸಿ. ಎಚ್‌ಐವಿ ತಡೆ ಔಷಧಿಯನ್ನು 2 ಗಂಟೆಯೊಳಗೆ ಶುರು ಮಾಡಿದರೆ ಉತ್ತಮ, 72 ಗಂಟೆ ದಾಟಲು ಬಿಡಲೇಬಾರದು. ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಆಗಿದೆಯೇ ಇವತ್ತೇ ನೋಡಿಕೊಳ್ಳಿ. 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ನಿಫಾ ರೋಗಿಯ ಆರೈಕೆ ಮಾಡಿ, ಅದೇ ಸೋಂಕಿಗೆ ಬಲಿಯಾದರು. ಇಬ್ಬರು ಪುಟ್ಟ ಮಕ್ಕಳ ತಾಯಿ. ಮಾಸ್ಕ್, ಗ್ಲೌಸ್ ಲೆಕ್ಕ ಹಾಕಿ ಕೊಡುವವರು ಆ ಹೆಸರನ್ನು ನೆನಪಿಟ್ಟುಕೊಳ್ಳಲಿ.

ಊರು ಬಿಟ್ಟು ಹೊರಡುವವರು

ಇಷ್ಟೆಲ್ಲ ಕಂಡ ಮೇಲೆ ನಮ್ಮ ಹುಡುಗ ಹುಡುಗಿಯರು ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆಗಣ್ಣಿನಲ್ಲೇ ವಿದೇಶದ ಕೆಲಸಕ್ಕೆ ಬೇಕಾದ ಒಇಟಿ, ಐಇಎಲ್‌ಟಿಎಸ್, ಪ್ರೊಮೆಟ್ರಿಕ್ ಪರೀಕ್ಷೆಗೆ ಓದುತ್ತಾರೆ. ಹೋಗುವವರನ್ನು ನಾವು ದೂರುವುದಿಲ್ಲ. ಮನೆ ಕಟ್ಟಬೇಕು, ತಂಗಿಯ ಮದುವೆ ಮಾಡಬೇಕು, ಸಾಲ ತೀರಿಸಬೇಕು. ಮೋಸ ಹೋಗದಿರಿ ಎಂಬುದಷ್ಟೇ ನಮ್ಮ ಮಾತು. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಲಕ್ಷಗಟ್ಟಲೆ ಕೇಳಿದರೆ ಅದು ಕಾನೂನುಬಾಹಿರ. ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಹೊರಡುವ ನರ್ಸ್‌ಗಳಿಗೆ 2015ರಿಂದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ವಲಸೆ ಅನುಮತಿ ಕಡ್ಡಾಯ. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸಿಕೊಳ್ಳೋಣ ಎನ್ನುವವರ ಮಾತು ನಂಬಬೇಡಿ.

ವಿದೇಶಕ್ಕೆ ಹೋದ ನಮ್ಮವರು ಫೋನಿನಲ್ಲಿ ಹೇಳುವುದು ಸಂಬಳದ ವಿಷಯವೊಂದನ್ನೇ ಅಲ್ಲ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳು ನಿರ್ಲಕ್ಷ್ಯದಿಂದ ನರಳಿದ ಪ್ರಕರಣದ ವಿಚಾರಣಾ ವರದಿ 2013ರಲ್ಲಿ ಹೊರಬಂತು. ನರ್ಸ್‌ಗಳ ಕೊರತೆ ಅದಕ್ಕೆ ಕಾರಣಗಳಲ್ಲೊಂದಾಗಿತ್ತು. ಆ ಮೇಲೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ, ಈ ಪಾಳಿಗೆ ಎಷ್ಟು ನರ್ಸ್ ಇರಬೇಕಿತ್ತು, ಎಷ್ಟು ಮಂದಿ ಇದ್ದಾರೆ ಎಂದು ಬೋರ್ಡ್ ಹಾಕುವ ಪದ್ಧತಿ ಬಂತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳವರೆಗೆ ಕೊಡಬಹುದು ಎಂಬ ಮಿತಿ 2004ರಿಂದ ಕಾನೂನಾಗಿ ಜಾರಿಯಲ್ಲಿದೆ. ಮಂಗಳೂರು, ಹಾಸನ, ವಿಜಯಪುರದಿಂದ ಹೋದ ನರ್ಸ್‌ಗೆ ಅಲ್ಲಿ ನೆಮ್ಮದಿಯಿಂದ ಕೆಲಸ ಮಾಡಲು ಆಗುವುದಾದರೆ, ಅವರು ಹುಟ್ಟಿದ ಊರಿನಲ್ಲೇಕೆ ಆಗಬಾರದು?

ಕೇಳುವವರಿಗೆ ಉತ್ತರ

ಇದು ಸೇವೆ, ಸಂಬಳದ ಮಾತೇಕೆ ಎನ್ನುತ್ತಾರೆ ಕೆಲವರು. ಸೇವಾಭಾವ ನಮ್ಮಲ್ಲಿದೆ, ಅದಕ್ಕೇ ಇನ್ನೂ ಈ ಕೆಲಸದಲ್ಲಿದ್ದೇವೆ. ಮನೆ ಬಾಡಿಗೆಯವರು, ಮಕ್ಕಳ ಶಾಲೆಯವರು ಸೇವಾಭಾವವನ್ನು ಫೀಸಿನ ಬದಲು ತೆಗೆದುಕೊಳ್ಳುವುದಿಲ್ಲ.

ಹಣವೆಲ್ಲಿದೆ ಎನ್ನುತ್ತಾರೆ ಇನ್ನು ಕೆಲವರು. ಹೊಸ ಕಟ್ಟಡಕ್ಕೆ, ಹೊಸ ಸ್ಕ್ಯಾನಿಂಗ್ ಯಂತ್ರಕ್ಕೆ, ಉದ್ಘಾಟನೆಯ ಪೆಂಡಾಲಿಗೆ ಹಣ ಹೊಂದುತ್ತದೆ. ಕಟ್ಟಡದೊಳಗೆ ರಾತ್ರಿ ಎಚ್ಚರವಿರುವ ಮನುಷ್ಯರಿಗೂ ಹೊಂದಬೇಕು. ನರ್ಸ್ ಸಾಲದೆ ಹಾಸಿಗೆ ಹುಣ್ಣಾದ, ಸೋಂಕು ತಗುಲಿದ ರೋಗಿ ಹೆಚ್ಚು ದಿನ ಮಲಗುತ್ತಾನೆ. ಆ ಖರ್ಚು ಹೊರುವವರು ನೀವೇ.

ನರ್ಸ್‌ಗಳೇ ರೇಗುತ್ತಾರೆ, ಸರಿಯಾಗಿ ಮಾತಾಡುವುದಿಲ್ಲ ಎಂಬ ದೂರೂ ಇದೆ. ಅದು ಸುಳ್ಳೆಂದು ನಾವು ವಾದಿಸುವುದಿಲ್ಲ. ರೋಗಿಯನ್ನು ಗದರುವುದು, ಹೆರಿಗೆ ನೋವಿನಲ್ಲಿರುವವಳನ್ನು ಹೀಯಾಳಿಸುವುದು, ಬಕ್ಷೀಸು ಕೇಳುವುದು ತಪ್ಪು. ಹಾಗಾದರೆ ದೂರು ಕೊಡಿ, ನಾವು ಅಂಥ ನಡತೆಯ ಪರ ನಿಲ್ಲುವುದಿಲ್ಲ. ಬೋರ್ಡ್ ಇದ್ದರೆ ನಿಮಗೂ ಗೊತ್ತಾಗುತ್ತದೆ: ರೇಗಿದವರ ಕೈಯಲ್ಲಿ ಆ ಹೊತ್ತು 6 ರೋಗಿಗಳಿದ್ದರೋ, 40 ಇದ್ದರೋ.

ನಮ್ಮ ಹಕ್ಕೊತ್ತಾಯಗಳು

1. ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವಾರ್ಡಿನ ಬಾಗಿಲಲ್ಲಿ, ಪ್ರತಿ ಪಾಳಿಗೂ, ಇಂದಿನ ರೋಗಿಗಳು ಎಷ್ಟು, ಇರಬೇಕಾದ ನರ್ಸ್‌ಗಳು ಎಷ್ಟು, ಇರುವವರು ಎಷ್ಟು ಎಂದು ಕನ್ನಡದಲ್ಲಿ ಬೋರ್ಡ್ ಹಾಕಬೇಕು. ಚಿಕಿತ್ಸೆಯ ದರಪಟ್ಟಿ ಪ್ರದರ್ಶಿಸಬೇಕೆಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಅದೇ ಗೋಡೆಯಲ್ಲಿ ಈ ಮೂರು ಸಂಖ್ಯೆಗೂ ಜಾಗವಿದೆ.
2. ನರ್ಸ್ ಒಬ್ಬರಿಗೆ ಎಷ್ಟು ರೋಗಿಗಳು ಎಂಬ ಮಿತಿಯನ್ನು ರಾಜ್ಯ ಸರ್ಕಾರ ಕಾನೂನು ಮಾಡಬೇಕು.
3. 2016ರ ಸಮಿತಿಯ ವೇತನ ಶಿಫಾರಸನ್ನು, ಅಂದಿನಿಂದ ಏರಿದ ಬೆಲೆಗೆ ತಕ್ಕಂತೆ ಪರಿಷ್ಕರಿಸಿ, ಕರ್ನಾಟಕದಲ್ಲಿ ಜಾರಿ ಮಾಡಬೇಕು.
4. ಖಾಲಿ ಹುದ್ದೆಗಳನ್ನು ಕಾಯಂ ನೇಮಕಾತಿಯಿಂದ ತುಂಬಬೇಕು. ವರ್ಷಗಟ್ಟಲೆ ದುಡಿದ ಗುತ್ತಿಗೆ ನರ್ಸ್‌ಗಳಿಗೆ ಅದರಲ್ಲಿ ಆದ್ಯತೆ ಸಿಗಬೇಕು.
5. ಮೂಲ ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುವ ಆಸ್ಪತ್ರೆಗಳ ಮೇಲೆ ಕ್ರಮ ಜರುಗಿಸಬೇಕು. ಹೆಚ್ಚುವರಿ ದುಡಿಮೆಗೆ ಹಣ ಕೊಡಬೇಕು.
6. ಪ್ರತಿ ಆಸ್ಪತ್ರೆಯಲ್ಲೂ ಚಿಲಕವಿರುವ ಡ್ರೆಸ್ಸಿಂಗ್ ರೂಮ್, ಶೌಚಾಲಯ, ರಾತ್ರಿ ಪಾಳಿಗೆ ವಾಹನ, ಬೆಳಕಿರುವ ಕಾರಿಡಾರ್ ಇರಬೇಕು. 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳ ವಿಚಾರಿಸುವ ಆಂತರಿಕ ಸಮಿತಿ 2013ರ ಕಾಯ್ದೆಯಂತೆ ಕಡ್ಡಾಯ. ಅದು ಕಾಗದದಿಂದ ಇಳಿದು ಕೆಲಸ ಮಾಡಬೇಕು.
7. 26 ವಾರಗಳ ಹೆರಿಗೆ ರಜೆ ಮತ್ತು 50 ಮಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರ 2017ರಲ್ಲಿ ತಿದ್ದುಪಡಿಯಾದ ಕಾಯ್ದೆ ಕೊಟ್ಟ ಹಕ್ಕು. ಗರ್ಭಿಣಿಯೆಂದು ಗೊತ್ತಾದ ಕೂಡಲೇ ರಾಜೀನಾಮೆ ಬರೆಸಿಕೊಳ್ಳುವುದು ನಿಲ್ಲಬೇಕು.
8. ಆರೋಗ್ಯ ಸಹಾಯಕಿಯರು ಒಂದೇ ಮಾಹಿತಿಯನ್ನು ಮೂರು ಕಡೆ ಬರೆಯುವುದು ತಪ್ಪಬೇಕು. ಹೋಂ ನರ್ಸಿಂಗ್ ಏಜೆನ್ಸಿಗಳಿಗೆ ನೋಂದಣಿ, ಸಿಬ್ಬಂದಿಗೆ ತರಬೇತಿ ಮತ್ತು ವಾರದ ರಜೆ ಕಡ್ಡಾಯವಾಗಬೇಕು.

ನೀವು ಏನು ಮಾಡಬೇಕು?

ರೋಗಿಗಳ ಮನೆಯವರೇ: ಆಸ್ಪತ್ರೆಗೆ ಹೋದಾಗಲೆಲ್ಲ ಕೌಂಟರಿನಲ್ಲಿ ಕೇಳಿ, ಈ ವಾರ್ಡಿನಲ್ಲಿ ರಾತ್ರಿ ಎಷ್ಟು ನರ್ಸ್ ಇರುತ್ತಾರೆ? ಉತ್ತರ ಬರೆದುಕೊಳ್ಳಿ. ನೂರು ಮಂದಿ ಕೇಳಿದ ದಿನ ಬೋರ್ಡ್ ತಾನಾಗಿ ಬರುತ್ತದೆ.

ಊರಿನ ಹಿರಿಯರೇ, ಸ್ತ್ರೀಶಕ್ತಿ ಸಂಘದ ಅಕ್ಕಂದಿರೇ, ಯುವಕ ಸಂಘದ ಗೆಳೆಯರೇ: 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಜೂರಾದ ನರ್ಸ್ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಗುತ್ತಿಗೆ ಎಷ್ಟು ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಓದಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದಿಡಿ, ಓಟು ಕೇಳಲು ಬಂದವರ ಕೈಗೆ ಕೊಡಿ.

ನರ್ಸ್‌ಗಳೇ: ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಸರ್ಕಾರಿ, ಖಾಸಗಿ, ಗುತ್ತಿಗೆ, ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿ ಎಂದು ನಮ್ಮನ್ನು ನಾವೇ ಹೋಳು ಮಾಡಿಕೊಂಡದ್ದು ಸಾಕು. ಇಂದಿನಿಂದ ಒಂದು ಡೈರಿ ಇಡಿ. ದಿನಾಂಕ, ಪಾಳಿ, ರೋಗಿಗಳ ಸಂಖ್ಯೆ, ನರ್ಸ್‌ಗಳ ಸಂಖ್ಯೆ ಇಷ್ಟನ್ನೇ ಬರೆಯಿರಿ, ರೋಗಿಯ ಹೆಸರು ಬರೆಯಬೇಡಿ. ನಮ್ಮ ಅಳಲನ್ನು ಅಂಕಿಯಲ್ಲಿ ಹೇಳಿದ ದಿನ ಯಾರೂ ತಳ್ಳಿಹಾಕಲಾರರು.

ವಿದ್ಯಾರ್ಥಿಗಳೇ: ನೀವು ಕಲಿಯಲು ಬಂದವರು. ಮೇಲ್ವಿಚಾರಕರಿಲ್ಲದೆ ಒಬ್ಬರನ್ನೇ ವಾರ್ಡಿಗೆ ಬಿಟ್ಟರೆ ಬಾಯಿ ಬಿಟ್ಟು ಹೇಳಿ. ನಿಮ್ಮ ಜೊತೆಗೆ ನಾವಿದ್ದೇವೆ.

ಡಾಕ್ಟರುಗಳೇ: ನೀವು ಬರೆದ ಚಿಕಿತ್ಸೆ ರೋಗಿಗೆ ತಲುಪಬೇಕಾದರೆ ನಾವು ಸಾಕಷ್ಟು ಮಂದಿ ಇರಬೇಕು. ನಮ್ಮ ಮನವಿಗೆ ನಿಮ್ಮ ಸಹಿಯೂ ಬೀಳಲಿ.

ಮೇ 12ರಂದು ಬನ್ನಿ

1820ರ ಮೇ 12ರಂದು ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲ್ ಯುದ್ಧಭೂಮಿಯ ಆಸ್ಪತ್ರೆಯಲ್ಲಿ ದೀಪ ಹಿಡಿದು ಓಡಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ಆಕೆ ಸತ್ತವರ ಲೆಕ್ಕ ಇಟ್ಟು, ಕಾರಣಗಳನ್ನು ಚಿತ್ರಪಟ ಮಾಡಿ, ಸರ್ಕಾರದ ಮುಂದಿಟ್ಟು ಜಗಳವಾಡಿದವರೂ ಹೌದು. ಪ್ರತಿ ವರ್ಷ ಅವರ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿ, ಗುಲಾಬಿ ಕೊಟ್ಟು, ನಮ್ಮ ಮೂಗಿಗೆ ತುಪ್ಪ ಸವರಿ ಕಳುಹಿಸುತ್ತಾರೆ. ಈ ಸಲ ನಾವೂ ಲೆಕ್ಕ ಇಡುತ್ತೇವೆ.

ಆ ದಿನ ಬೆಳಿಗ್ಗೆ, ರಾತ್ರಿ ಪಾಳಿ ಮುಗಿದ ಮೇಲೆ, ನಿಮ್ಮ ನಿಮ್ಮ ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಯ ಗೇಟಿನ ಮುಂದೆ ಸೇರೋಣ. ಪಾಳಿಯಲ್ಲಿರುವವರು ಯಾರೂ ರೋಗಿಯನ್ನು ಬಿಟ್ಟು ಬರುವುದು ಬೇಡ, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಲಿ. ರಜೆಯಲ್ಲಿರುವವರು, ನಿವೃತ್ತರಾದವರು, ವಿದ್ಯಾರ್ಥಿಗಳು, ನಮ್ಮ ಆರೈಕೆಯಲ್ಲಿ ಗುಣವಾಗಿ ಮನೆಗೆ ಹೋದ ನೀವು, ನಿಮ್ಮ ಮಕ್ಕಳು ಎಲ್ಲರೂ ಬನ್ನಿ. ಆಂಬುಲೆನ್ಸ್ ದಾರಿಗೆ ಅಡ್ಡ ನಿಲ್ಲಬಾರದು, ಮೈಕ್ ಬೇಡ, ಒಳಗೆ ರೋಗಿಗಳಿದ್ದಾರೆ. ಒಂದು ರಟ್ಟಿನ ಮೇಲೆ ನಿಮ್ಮ ಊರಿನ ಆಸ್ಪತ್ರೆಯ ಮೂರು ಸಂಖ್ಯೆ ದೊಡ್ಡದಾಗಿ ಬರೆದು ತನ್ನಿ: ರೋಗಿಗಳೆಷ್ಟು, ಬೇಕಾದ ನರ್ಸ್‌ಗಳೆಷ್ಟು, ಇರುವವರೆಷ್ಟು. ಅಲ್ಲಿಂದ ನಡೆದು ಹೋಗಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳಿಗೆ, ತಾಲ್ಲೂಕಿನಲ್ಲಿ ತಹಶೀಲ್ದಾರರಿಗೆ ಮೇಲಿನ ಎಂಟು ಹಕ್ಕೊತ್ತಾಯಗಳ ಮನವಿ ಕೊಡೋಣ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳೋಣ. ಉತ್ತರ ಬರುವವರೆಗೆ ಪ್ರತಿ ತಿಂಗಳ 12ಕ್ಕೂ ಮತ್ತೆ ಹೋಗಿ ಕೇಳೋಣ.

ನರ್ಸ್ ಹೆಚ್ಚಲಿ, ಜೀವ ಉಳಿಯಲಿ!
ಗುತ್ತಿಗೆ ಸಾಕು, ಕಾಯಂ ಬೇಕು!
ಪಾಳಿಗೊಂದು ಲೆಕ್ಕ, ವಾರ್ಡಿಗೊಂದು ಬೋರ್ಡ್!

ಇಂತಿ,
ನಿಮ್ಮ ಊರಿನ ಸರ್ಕಾರಿ, ಖಾಸಗಿ, ಗುತ್ತಿಗೆ ಮತ್ತು ನಿವೃತ್ತ ನರ್ಸ್‌ಗಳು

(ಓದಿದ ಮೇಲೆ ಬಿಸಾಡಬೇಡಿ. ಪಕ್ಕದ ಮನೆಯವರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೊಡಿ. ಮೊಬೈಲಿನಲ್ಲಿ ಫೋಟೊ ತೆಗೆದು ನಿಮ್ಮ ಗುಂಪುಗಳಿಗೆ ಕಳುಹಿಸಿ.)